ಇಸೊಬೆ-ಸಾನ್ ಮನೆಯ ಶನಿವಾರಗಳು

ಸತ್ಯಭಾಮಾಳಿಗೆ ಹೊಟ್ಟೆಕಿಚ್ಚು ಹೊಸದೇನೂ ಅಲ್ಲ. ಮಗಳು ಶ್ರೀರಕ್ಷಾ ಇನ್ನೂ ಪುಟ್ಟವಳಿದ್ದಾಗ ಟೋಕಿಯೊ ಪಕ್ಕದ ಗ್ಯೋಟೋಕುವಿನ ಶಿಶುವಿಹಾರದ ಟೀಚರಮ್ಮನ ಕೊರಳಿಗೆ ಜೋತುಬಿದ್ದು, ಮನೆಗೆ ಬರುವುದಿಲ್ಲ ಎಂದು ಹಟ ಹಿಡಿದಿದ್ದಳು. ಅವತ್ತಿನಿಂದ ಆ ಟೀಚರಮ್ಮನನ್ನು ಕಂಡರೆ ಸತ್ಯಭಾಮಾಳಿಗೆ ಮೈಯೆಲ್ಲ ಉರಿ. ಆಮೇಲೆ ಈಜು ಕಲಿಸುವ ಕೋಚ್ ಬಂದಳು. ಮಗಳು ಊಟಕ್ಕೆ ಕೂತರೂ ಕೋಚ್ ಪುರಾಣ, ಮಲಗಿದರೂ ಕೋಚ್ ಪುರಾಣ. ಸತ್ಯಭಾಮಾ ಹಲ್ಲು ಕಚ್ಚಿಕೊಂಡು ಕಾದಳು. ಟೀಚರಮ್ಮನಿಗೆ ವರ್ಗವಾಯಿತು, ಕೋಚ್ ಮದುವೆಯಾಗಿ ಹೊಕ್ಕೈಡೊ ಸೇರಿದಳು. ಸತ್ಯಭಾಮಾ ಮಾತ್ರ ಇದ್ದಲ್ಲೇ ಇದ್ದಳು. ತಾಯಿಯಾದವಳಿಗಿರುವ ದೊಡ್ಡ ಅನುಕೂಲ ಅದೊಂದೇ ಎಂದು ಅವಳು ನಂಬಿದ್ದಳು.

ಆದರೆ ಇಸೊಬೆ-ಸಾನ್ ಎಂಬ ಮುದುಕಿ ಎಲ್ಲಿಗೂ ಹೋಗುವ ಹಾಗೆ ಕಾಣಲಿಲ್ಲ.

ಸತ್ಯಭಾಮಾ ಮೈಸೂರಿನ ಚಾಮರಾಜಪುರಂನವಳು. ಮದುವೆಯಾದ ಹೊಸದರಲ್ಲಿ ಗಂಡ ಗಿರಿಧರನನ್ನು ಕಂಪನಿ ಎರಡು ವರ್ಷಕ್ಕೆಂದು ಟೋಕಿಯೊಗೆ ಕಳಿಸಿತು. ಆ ಎರಡು ವರ್ಷ ಎಳೆದೂ ಎಳೆದೂ ಇಪ್ಪತ್ತು ದಾಟಿತು. ಮೊದಮೊದಲು ಕ್ಷಮಿಸಿ ಎಂಬರ್ಥದ ‘ಸುಮಿಮಾಸೆನ್’ ಅನ್ನುವುದಕ್ಕೂ ನಾಚುತ್ತಿದ್ದವಳು ಈಗ ಸ್ಟೇಶನ್ ಪಕ್ಕದ ‘ಕೊಂಬಿನಿ’ ಎಂಬ ಹಗಲುರಾತ್ರಿ ತೆರೆದಿರುವ ಅಂಗಡಿಯ ಕೌಂಟರಿನಲ್ಲಿ ನಿಂತು, ಕುಡಿದು ಬಂದ ಗಿರಾಕಿಯನ್ನೂ ಜಪಾನಿ ಭಾಷೆಯಲ್ಲೇ ಗದರಿಸಿ ಸಾಲಿನಲ್ಲಿ ನಿಲ್ಲಿಸುತ್ತಾಳೆ. ಇರುವುದು ಒಬ್ಬಳೇ ಮಗಳು. ಆ ಮಗಳು ಐದನೇ ಕ್ಲಾಸಿನಲ್ಲಿ ಬಂದರಿಗೆ ಹಡಗು ನೋಡಲು ಹೋಗಿದ್ದಳು. ಅಲ್ಲಿ ಬಿಳಿ ಬಟ್ಟೆ ತೊಟ್ಟ ಹೆಣ್ಣು ಅಧಿಕಾರಿಯೊಬ್ಬಳು ಗಂಡಸರನ್ನೆಲ್ಲ ಕುಣಿಸುವುದನ್ನು ಕಂಡು, ನಾನೂ ಹೀಗೇ ಆಗಬೇಕು ಎಂದಳು. ಮಕ್ಕಳ ಮಾತು, ಮರೆತುಹೋಗುತ್ತದೆ ಎಂದು ದೊಡ್ಡವರು ನಕ್ಕರು. ಅವಳು ಮರೆಯಲಿಲ್ಲ.

ನೌಕಾಪಡೆಯ ಅಧಿಕಾರಿಯಾಗುವ ಕಾಲೇಜು ಸೇರಬೇಕಾದರೆ ಈ ದೇಶದ ಪ್ರಜೆಯಾಗಿರಬೇಕು. ವರ್ಷಗಟ್ಟಲೆ ಮಾತುಕತೆ, ಮೈಸೂರಿನ ನೆಂಟರ ಬುದ್ಧಿವಾದ, ಅತ್ತೆಯ ಅಳು ಎಲ್ಲ ಆದಮೇಲೆ ಮೂವರೂ ಜಪಾನಿನ ಪ್ರಜೆಗಳಾದರು. ತನ್ನ ಹಳೆಯ ಪಾಸ್‌ಪೋರ್ಟನ್ನು ರಾಯಭಾರ ಕಚೇರಿಯ ಕಿಟಕಿಯೊಳಗೆ ತಳ್ಳುವಾಗ ಸತ್ಯಭಾಮಾ ಅದರ ರಟ್ಟನ್ನು ಒಮ್ಮೆ ಸವರಿದಳು. ಮಗಳಿಗಾಗಿ ಇದನ್ನೂ ಕೊಟ್ಟೆ ಎಂದುಕೊಂಡಳು. ಆ ಮಾತನ್ನು ಆಮೇಲೆ ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡಿದ್ದಾಳೋ ಲೆಕ್ಕವಿಲ್ಲ.

ಕಾಲೇಜು ಕೊಲ್ಲಿಯ ಬಾಯಿಗೆ ಹತ್ತಿರ, ಒಂದು ಗುಡ್ಡದ ಮೇಲೆ. ಮೂರೂ ಸೇನೆಗಳಿಗೆ ಅದೊಂದೇ, ಹೆಸರಿಗೆ ಯೂನಿವರ್ಸಿಟಿ. ಎಂಜಿನಿಯರಿಂಗ್ ಪಾಠ, ಪರೀಕ್ಷೆ ಎಲ್ಲ ಉಂಟು. ಆದರೆ ಬೆಳಗ್ಗೆ ಕಹಳೆ ಊದಿದ ಕೂಡಲೇ ಹಾಸಿಗೆ ಮಡಿಸಿ ಅಂಗಳಕ್ಕೆ ಓಡಬೇಕು. ಹೊದಿಕೆಯ ಅಂಚು ಒಂದಕ್ಕೊಂದು ಸರಿಯಾಗಿ ಕೂಡಿರದಿದ್ದರೆ, ಕ್ಲಾಸು ಮುಗಿಸಿ ಬರುವಷ್ಟರಲ್ಲಿ ಹಿರಿಯ ವಿದ್ಯಾರ್ಥಿಗಳು ಹಾಸಿಗೆಯನ್ನು ಚೆಲ್ಲಾಪಿಲ್ಲಿ ಮಾಡಿರುತ್ತಾರೆ. ಮನೆಯಲ್ಲಿ ಕುಡಿದ ಲೋಟವನ್ನೂ ಎತ್ತಿಡದಿದ್ದ ಹುಡುಗಿ ಮೊದಲ ವರ್ಷದಲ್ಲೇ ಅಂಗಿಯ ತೋಳಿಗೆ ಚಾಕುವಿನ ಅಲಗಿನಂಥ ಇಸ್ತ್ರಿ ಗೆರೆ ಎಳೆಯುವುದನ್ನು ಕಲಿತಳು. ಏನಾದರೂ ತಪ್ಪಾದರೆ ಯಾಕಾಯಿತು ಎಂದು ಕಾರಣ ಹೇಳುವಂತಿಲ್ಲ, ನನ್ನದೇ ತಪ್ಪು ಎನ್ನಬೇಕು ಎಂಬುದನ್ನೂ ಕಲಿತಳು. ಎರಡನೇ ವರ್ಷಕ್ಕೆ ಭೂಸೇನೆ, ವಾಯುಸೇನೆ ಬಿಟ್ಟು ಸಮುದ್ರವನ್ನೇ ಆರಿಸಿಕೊಂಡಳು.

ಆ ಕಾಲೇಜಿನವರಲ್ಲಿ ಒಂದು ಪದ್ಧತಿಯಿದೆ. ಗೇಟಿನಿಂದ ಹೊರಗೆ ಹೋಗುವಾಗಲೂ ಒಳಗೆ ಬರುವಾಗಲೂ ಸಮವಸ್ತ್ರದಲ್ಲೇ ಇರಬೇಕು. ಹಾಗಾಗಿ ನಾಲ್ಕಾರು ಜನ ಸೇರಿ ಊರೊಳಗೆ ಯಾರದಾದರೂ ಮನೆಯ ಒಂದು ಕೋಣೆ ಹಿಡಿದುಕೊಳ್ಳುತ್ತಾರೆ. ಶನಿವಾರ ಅಲ್ಲಿಗೆ ಹೋಗಿ ಬಟ್ಟೆ ಬದಲಿಸಿ, ಕಾಲು ಚಾಚಿ ಬಿದ್ದುಕೊಂಡು ಎರಡು ದಿನ ಮನುಷ್ಯರಾಗುತ್ತಾರೆ. ಶ್ರೀರಕ್ಷಾ ಮತ್ತು ಅವಳ ಗೆಳತಿಯರು ಹಿಡಿದದ್ದು ಇಸೊಬೆ-ಸಾನ್ ಮನೆಯ ಮಹಡಿಯ ಕೋಣೆ. ಎಪ್ಪತ್ತು ದಾಟಿದ ವಿಧವೆ, ಮಕ್ಕಳಿಲ್ಲ. ಬರೀ ಕೋಣೆ ಕೊಟ್ಟು ಸುಮ್ಮನಿದ್ದಿದ್ದರೆ ಸತ್ಯಭಾಮಾಳಿಗೂ ತಕರಾರಿರಲಿಲ್ಲ. ಆಕೆ ಅಡುಗೆ ಮಾಡಿ ಹಾಕುತ್ತಿದ್ದಳು.

ಒಂದು ಶನಿವಾರ ಸತ್ಯಭಾಮಾ ಫೋನ್ ಮಾಡಿದಾಗ ಮಗಳು ಆಗಷ್ಟೇ ಆ ಮನೆಯ ಬಾಗಿಲು ತೆಗೆಯುತ್ತಿದ್ದಳು. “ಒಂದ್ನಿಮಿಷ ಅಮ್ಮ,” ಎಂದವಳು, ಒಳಗೆ ಮುಖ ಮಾಡಿ “ತದಾಯ್ಮಾ!” ಎಂದು ಕೂಗಿದಳು. ಮನೆಗೆ ಬಂದೆ ಎಂದು ಈ ದೇಶದವರು ಹೊಸ್ತಿಲಲ್ಲಿ ಹೇಳುವ ಮಾತು ಅದು. ಒಳಗಿನಿಂದ ಮುದಿ ದನಿಯೊಂದು ‘ಬಾ ಮಗಳೇ’ ಅನ್ನುವಂತೆ ಉತ್ತರ ಕೊಟ್ಟಿತು.

ಸತ್ಯಭಾಮಾ ಫೋನ್ ಇಟ್ಟು ಗಂಡನ ಎದುರು ನಿಂತಳು. “ಕೇಳಿದ್ರಾ? ಅದು ಅವಳ ಮನೆಯಂತೆ. ತದಾಯ್ಮಾ ಅಂತೆ.”

“ಅಲ್ಲ ಕಣೇ ಭಾಮಾ, ಅದು ಜಸ್ಟ್ ಮ್ಯಾನರ್ಸ್. ಎಪ್ಪತ್ತು ದಾಟಿದ ಮುದುಕಿ ಜೊತೆ ಏನೇ ನಿಂಗೆ ಕಾಂಪಿಟಿಶನ್ನು?”

“ನಿಮ್ಗೇನು ಗೊತ್ತಾಗುತ್ತೆ, ಸುಮ್ನಿರಿ,” ಎಂದವಳೇ ಅಡುಗೆಮನೆಗೆ ಹೋಗಿ ಪುಳಿಯೋಗರೆ ಗೊಜ್ಜಿಗೆ ಹುಣಸೆಹಣ್ಣು ನೆನೆಹಾಕಿದಳು.

ಅಲ್ಲಿಂದ ಡಬ್ಬಿಗಳ ಯುದ್ಧ ಶುರುವಾಯಿತು. ಸತ್ಯಭಾಮಾ ಕೋಡುಬಳೆ, ಗೊಜ್ಜು, ಚಟ್ನಿಪುಡಿಗಳನ್ನು ಕೊರಿಯರ್‌ನಲ್ಲಿ ಕಳಿಸಿದಳು. ತನ್ನ ಕೈರುಚಿಯ ಮುಂದೆ ಆ ಸಪ್ಪೆ ಸಾರು ಎಲ್ಲಿ ನಿಲ್ಲುತ್ತದೆ ನೋಡೋಣ ಎಂಬ ಛಲ. ಡಬ್ಬಿ ವಾಪಸು ಬಂತು, ಖಾಲಿಯಲ್ಲ. ಅದರ ತುಂಬ ಮೂಲಂಗಿ ಉಪ್ಪಿನಕಾಯಿ. ಖಾಲಿ ಪಾತ್ರೆ ಹಿಂದಿರುಗಿಸಬಾರದು ಎಂಬುದು ಮೈಸೂರಿನಲ್ಲೂ ಉಂಟು, ಜಪಾನಿನಲ್ಲೂ ಉಂಟು. ಹಾಗಾಗಿ ಇಬ್ಬರು ಹೆಂಗಸರೂ ಸೋಲುವಂತಿರಲಿಲ್ಲ. ಇವಳು ದೊಡ್ಡ ಡಬ್ಬಿ ಕಳಿಸಿದರೆ ಅವಳು ಆ ದೊಡ್ಡ ಡಬ್ಬಿಯನ್ನೂ ತುಂಬಿಸಿ ಕಳಿಸಿದಳು. ಕಿತ್ತಳೆ ಸಿಪ್ಪೆಯ ಜಾಮ್ ಬಂತು, ಸಿಹಿಗೆಣಸು ಬಂತು. ಜಾಮ್ ಚೆನ್ನಾಗಿದೆ ಎಂದು ಗಿರಿಧರ ಬ್ರೆಡ್ಡಿಗೆ ದಪ್ಪಗೆ ಸವರಿಕೊಂಡಾಗ ಸತ್ಯಭಾಮಾ ಅವನ ತಟ್ಟೆಯನ್ನೇ ಎತ್ತಿಕೊಂಡು ಹೋದಳು.

ಇಷ್ಟನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಗಾಯದ ವಿಷಯ. ಎರಡನೇ ವರ್ಷದವರು ವಸಂತದಲ್ಲಿ ಕಟ್ಟರ್ ಎಂಬ ಭಾರದ ಮರದ ದೋಣಿಗೆ ಹುಟ್ಟುಹಾಕುವ ಪಂದ್ಯಕ್ಕೆ ತಯಾರಾಗುತ್ತಾರೆ. ಹಲಗೆಯ ಮೇಲೆ ಕೂತು ಮೈಯನ್ನೆಲ್ಲ ಹಿಂದಕ್ಕೆಸೆದು ಎಳೆದೂ ಎಳೆದೂ ಅಂಗೈ ಬಿರಿಯುತ್ತದೆ, ಕೂರುವ ಜಾಗದ ಚರ್ಮ ಸುಲಿದುಹೋಗುತ್ತದೆ. ಶ್ರೀರಕ್ಷಾಳಿಗೂ ಹಾಗೇ ಆಗಿತ್ತು. ವಾರಗಟ್ಟಲೆ ಅವಳು ಬೋರಲು ಮಲಗಿದ್ದಳು. ಸತ್ಯಭಾಮಾಳಿಗೆ ಅದು ತಿಳಿದದ್ದು ಪಂದ್ಯ ಮುಗಿದು ಗಾಯವೂ ಮಾಗಿದ ಮೇಲೆ, ಮಾತಿನ ಮಧ್ಯೆ.

“ಇಸೊಬೆ-ಸಾನ್ ಪ್ರತಿ ಶನಿವಾರ ಏನೋ ಆಯಿಂಟ್‌ಮೆಂಟ್ ಕೊಟ್ಟು ಕಳಿಸ್ತಿದ್ರು. ಸೂಪರ್ ಅದು,” ಎಂದಳು ಮಗಳು.

“ನಂಗ್ಯಾಕೆ ಹೇಳ್ಲಿಲ್ಲ?”

“ನಿಂಗೆ ವರಿ ಆಗುತ್ತೆ ಅಂತ.”

ಒಂಬತ್ತು ತಿಂಗಳು ಹೊತ್ತು, ಕೂಸಾಗಿದ್ದಾಗ ಅದೇ ಮೈಗೆ ಎಣ್ಣೆ ಹಚ್ಚಿ ಎರೆದವಳು ತಾನು. ಮುಲಾಮು ಕೊಟ್ಟವಳು ಅವಳು. ಅವತ್ತು ಕೊಂಬಿನಿಯಲ್ಲಿ ಸತ್ಯಭಾಮಾ ಎರಡು ಸಲ ತಪ್ಪು ಚಿಲ್ಲರೆ ಕೊಟ್ಟಳು.

ಆ ವರ್ಷ ಗೌರಿ ಹಬ್ಬ ಸೆಪ್ಟೆಂಬರಿನ ಸೋಮವಾರ ಬಂತು. ಅದೇ ಸೋಮವಾರ ಜಪಾನಿನಲ್ಲಿ ಹಿರಿಯರನ್ನು ಗೌರವಿಸುವ ದಿನ, ಸರ್ಕಾರಿ ರಜೆ. ಶ್ರೀರಕ್ಷಾ ಶನಿವಾರವೇ ಗ್ಯೋಟೋಕುವಿಗೆ ಬರುತ್ತೇನೆ ಎಂದಳು. ಸತ್ಯಭಾಮಾ ನೆಲ ಬಿಟ್ಟು ನಡೆದಳು. ನಿಶಿ-ಕಸಾಯ್‌ನ ಇಂಡಿಯನ್ ಅಂಗಡಿಯಿಂದ ವೀಳ್ಯದೆಲೆ ತಂದಳು, ಗೆಜ್ಜೆವಸ್ತ್ರ ಮಾಡಿದಳು, ಸೋಮವಾರ ಸಂಜೆಯ ಆರತಿಗೆ ಅಕ್ಕಪಕ್ಕದ ಕನ್ನಡದವರನ್ನೆಲ್ಲ ಕರೆದಳು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲರಿಗೂ ತೋರಿಸಬೇಕು. ಬಿಳಿ ಸಮವಸ್ತ್ರದಲ್ಲಿ ಮಗಳು ಬಾಗಿಲಿಗೆ ಬಂದು ನಿಂತಾಗ ಕೆಳಗಿನ ಮನೆಯವರೂ ಇಣುಕಿ ನೋಡಿದರು. ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಮಗಳು ಬಾಂಬು ಹಾಕಿದಳು.

“ಅಮ್ಮ, ನಾಳೆ ಪೂಜೆ ಬೇಗ ಮಾಡೋಣ. ಹತ್ತಕ್ಕೆ ಹೊರಡ್ಬೇಕು. ಇಸೊಬೆ-ಸಾನ್‌ಗೆ ಲಂಚ್ ಮಾಡಿಕೊಡ್ತಿದೀವಿ ನಾವೆಲ್ಲ, ಹಿರಿಯರ ದಿನ ಅಲ್ವಾ?”

“ಸಂಜೆ ಎಲ್ಲಾರ್ನೂ ಕರೆದಿದೀನಿ ಕಣೆ!”

“ಸಂಜೆ ಗೇಟ್ ಟೈಮಿದೆ ಅಮ್ಮ, ಅಷ್ಟರೊಳಗೆ ಕಾಲೇಜು ಸೇರ್ಬೇಕು. ಹೇಗಿದ್ರೂ ಮಧ್ಯಾಹ್ನ ಹೊರಡ್ಲೇಬೇಕಿತ್ತು. ನೀನೂ ಬಾ ನನ್ ಜೊತೆ, ಅವ್ರು ತುಂಬಾ ಸಲ ಕೇಳಿದಾರೆ.”

“ಹಬ್ಬ ಬಿಟ್ಟು ನಾನು ಅವಳ ಮನೆಗೆ ಬರ್ಲಾ? ಚೆನ್ನಾಗಿದೆ!”

ಗಿರಿಧರ ಸಾರಿನ ಬಟ್ಟಲಿನಿಂದ ತಲೆ ಎತ್ತಲಿಲ್ಲ.

ಸೋಮವಾರ ಮಗಳಿಗಿಂತ ಮೊದಲೇ ಸತ್ಯಭಾಮಾ ಎದ್ದಳು. ಸಮವಸ್ತ್ರ ಗೂಟದಲ್ಲಿ ನೇತಾಡುತ್ತಿತ್ತು, ಒಂದು ಸುಕ್ಕಿಲ್ಲದೆ. ಹೊರಗೆ ಮೋಡ, ಅಂಟಂಟು ಸೆಕೆ, ಒಂದು ಎಲೆಯೂ ಅಲುಗುತ್ತಿರಲಿಲ್ಲ. ಇಂಥ ದಿನ ಒಗೆದ ಬಟ್ಟೆ ಸಂಜೆಯೊಳಗೆ ಒಣಗುವುದಿಲ್ಲ ಎಂಬುದು ಸಂಸಾರ ಮಾಡಿದ ಯಾವ ಹೆಂಗಸಿಗೂ ಗೊತ್ತು. ಸತ್ಯಭಾಮಾಳಿಗೂ ಗೊತ್ತಿತ್ತು. ಸಮವಸ್ತ್ರವಿಲ್ಲದೆ ಮಗಳು ಹೊರಡುವಂತಿಲ್ಲ ಎಂಬುದೂ ಗೊತ್ತಿತ್ತು. ಗೊತ್ತಿದ್ದೇ ಅವಳು ಅದನ್ನು ಬಕೆಟ್ಟಿನ ನೀರಿಗೆ ಅದ್ದಿದಳು. ಅದ್ದಿದ ಮೇಲೆ ಅದಕ್ಕೊಂದು ನೆಪ ಬೇಕಲ್ಲ, ಗಂಜಿ ನೆನಪಾಯಿತು. ಅವಳ ಅಪ್ಪನ ಬಿಳಿ ಅಂಗಿಗಳಿಗೆ ಮನೆಯಲ್ಲಿ ಅಕ್ಕಿಯ ಗಂಜಿ ಹಾಕುತ್ತಿದ್ದರು, ಗರಿಗರಿಯಾಗಿ ನಿಲ್ಲುತ್ತಿದ್ದವು. ಮಗಳ ಸಮವಸ್ತ್ರಕ್ಕೂ ಗಂಜಿ ಹಾಕಿದೆ, ಪ್ರೀತಿಯಿಂದ ಮಾಡಿದೆ ಎಂದರೆ ಯಾರು ಏನು ಅಂದಾರು?

ಇಲ್ಲಿ ಅವಳು ಎಡವಿದಳು. ಅವಳ ಅಪ್ಪನ ಅಂಗಿಗೆ ಹಾಕುತ್ತಿದ್ದದ್ದು ಸಣ್ಣಕ್ಕಿಯ ತೆಳು ತಿಳಿ. ಗ್ಯೋಟೋಕುವಿನ ಅಡುಗೆಮನೆಯಲ್ಲಿ ಇದ್ದದ್ದು ಅಂಟಕ್ಕಿ. ಅದರ ಗಂಜಿ ಗೋಂದಿನ ಹಾಗೆ ಬಂತು. ಬಟ್ಟೆಯ ಹೊಲಿಗೆಹೊಲಿಗೆಗೂ ಹೊಕ್ಕು ಕೂತಿತು.

ಶ್ರೀರಕ್ಷಾ ಬಾಲ್ಕನಿಯಲ್ಲಿ ತೊಟ್ಟಿಕ್ಕುತ್ತಿದ್ದ ಸಮವಸ್ತ್ರವನ್ನು ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು. ಸತ್ಯಭಾಮಾ ಕೂಗಾಟಕ್ಕೆ ಸಿದ್ಧಳಾಗಿ ನಿಂತಿದ್ದಳು. ಉತ್ತರಗಳನ್ನೂ ಜೋಡಿಸಿಟ್ಟುಕೊಂಡಿದ್ದಳು. ಆದರೆ ಮಗಳು ಒಂದು ಉಸಿರು ಎಳೆದುಕೊಂಡು, “ಪರವಾಗಿಲ್ಲ ಅಮ್ಮ,” ಎಂದಳು.

ಆಮೇಲೆ ಇಸ್ತ್ರಿಪೆಟ್ಟಿಗೆ ಹಿಡಿದು ಒದ್ದೆ ಬಟ್ಟೆಯ ಮೇಲೆ ಕೂತಳು. ಹಬೆ ಎದ್ದಿತು, ಗಂಜಿ ಕಾವಿಗೆ ಸುಟ್ಟು ಇಸ್ತ್ರಿಪೆಟ್ಟಿಗೆಯ ತಳಕ್ಕೆ ಅಂಟಿತು, ಬೆನ್ನಿನ ಮೇಲೆ ಅಂಗೈಯಗಲದ ಕಂದು ಕಲೆ ಬಿತ್ತು. ಹತ್ತು ಗಂಟೆ ಎಂದೋ ದಾಟಿತು. ಇಸೊಬೆ-ಸಾನ್‌ಗೆ ಫೋನ್ ಮಾಡಿ, ಎದುರಿಗೇ ನಿಂತವಳಂತೆ ಸೊಂಟ ಬಗ್ಗಿಸಿ ಕ್ಷಮೆ ಕೇಳಿದಳು. ಬಟ್ಟೆ ಒದ್ದೆಯಾಯಿತು, ನನ್ನದೇ ತಪ್ಪು ಎಂದಳು. ಸತ್ಯಭಾಮಾ ಬಾಗಿಲ ಸಂದಿಯಲ್ಲಿ ನಿಂತು ಕೇಳಿದಳು. ಊಟ ತಪ್ಪಿಸಿದ್ದಕ್ಕೆ ಖುಷಿಯಾಗಬೇಕಿತ್ತು, ಸ್ವಲ್ಪ ಆಯಿತು ಕೂಡ.

ಆ ಖುಷಿ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಊಟವಾದ ಮೇಲೆ ಮಗಳು ಹಪ್ಪಳದಂತೆ ಸೆಟೆದ, ಇನ್ನೂ ಹಸಿಹಸಿ ಸಮವಸ್ತ್ರ ತೊಟ್ಟು, ಬೆನ್ನಿನ ಕಲೆ ಕಾಣದಂತೆ ಚೀಲ ಹಾಕಿಕೊಂಡು ಬಾಗಿಲಿಗೆ ಬಂದಳು. “ಥ್ಯಾಂಕ್ಸ್ ಅಮ್ಮ. ಊಟ ತುಂಬಾ ಚೆನ್ನಾಗಿತ್ತು,” ಎಂದು ತುಸು ತಲೆ ಬಾಗಿಸಿ ಹೋದಳು. ಹುಟ್ಟಿದಾಗಿನಿಂದ ಒಂದು ದಿನವೂ ಊಟಕ್ಕೆ ಥ್ಯಾಂಕ್ಸ್ ಹೇಳಿದವಳಲ್ಲ. ಉಪ್ಪು ಜಾಸ್ತಿ, ಖಾರ ಕಮ್ಮಿ, ಮತ್ತದೇ ಸಾರಾ ಎಂದೇ ಉಂಡವಳು. ಹೊರಗಿನವರಿಗೆ ಬಾಗುವ ಹಾಗೆ ತನಗೂ ಬಾಗಿ ಹೋದಳಲ್ಲ!

ಸಂಜೆ ಆರತಿಗೆ ಬಂದವರೆಲ್ಲ ಮಗಳೆಲ್ಲಿ ಎಂದು ಕೇಳಿದರು. ಅವರು ಹೋದ ಮೇಲೆ ಮಗಳ ಮೆಸೇಜು ಬಂತು. ಆ ಬಟ್ಟೆಯಲ್ಲಿ ಗೇಟಿಗೆ ಹೋಗುವಂತಿರಲಿಲ್ಲ, ಇಸೊಬೆ-ಸಾನ್ ಗಂಜಿಯನ್ನೆಲ್ಲ ತೊಳೆದು, ಕಲೆ ತೆಗೆದು, ಒಣಗಿಸಿ ಇಸ್ತ್ರಿ ಮಾಡಿಕೊಟ್ಟರು. ಅದಕ್ಕೇ ತಡವಾಯಿತು. ಗೇಟಿಗೆ ತಡವಾದದ್ದಕ್ಕೆ ಶಿಕ್ಷೆ, ಒಂದು ತಿಂಗಳು ಹೊರಗೆ ಬಿಡುವುದಿಲ್ಲ. ಪರವಾಗಿಲ್ಲ.

“ಅಂತೂ ಅವಳ ಮಡಿಲಿಗೆ ನೀನೇ ಕಳಿಸ್ದೆ,” ಎಂದ ಗಿರಿಧರ. ಅವನು ಬೈಯಲೆಂದು ಅಂದದ್ದಲ್ಲ. ಆದರೂ ಸತ್ಯಭಾಮಾಳಿಗೆ ಅತ್ತು ಅತ್ತು ಕಣ್ಣು ಬಾತುಕೊಂಡಿತು. ಮುದುಕಿಯ ಮೇಲಿನ ಹೊಟ್ಟೆಕಿಚ್ಚು ಒಂದಿಷ್ಟೂ ಕಮ್ಮಿಯಾಗಲಿಲ್ಲ. ಅದರ ಜೊತೆಗೆ ಈಗ ಭಯವೂ ಸೇರಿಕೊಂಡಿತು. ಮಗಳು ದಿನವೂ ಮೆಸೇಜು ಮಾಡುತ್ತಿದ್ದಳು, ಊಟ ಆಯಿತಾ, ಅಪ್ಪ ಹೇಗಿದ್ದಾರೆ ಎಂದು ಕೇಳುತ್ತಿದ್ದಳು. ಅಷ್ಟು ಮರ್ಯಾದೆಯ ಮೆಸೇಜುಗಳನ್ನು ಅವಳು ಹಿಂದೆಂದೂ ಕಳಿಸಿರಲಿಲ್ಲ. ಒಂದೊಂದನ್ನು ಓದಿದಾಗಲೂ ಮಗಳು ಒಂದೊಂದು ಹೆಜ್ಜೆ ದೂರ ಸರಿದಂತಾಗುತ್ತಿತ್ತು.

ಮುಂದಿನ ಶನಿವಾರ ಸತ್ಯಭಾಮಾ ಕೊಂಬಿನಿಗೆ ರಜೆ ಹಾಕಿದಳು. ನಿಹೊನ್‌ಬಾಶಿಯಲ್ಲಿ ಇಳಿದು, ದಕ್ಷಿಣಕ್ಕೆ ಹೋಗುವ ಕೆಂಪು ರೈಲು ಹಿಡಿದು, ಗುಡ್ಡ ಹತ್ತಿ ಏದುಸಿರು ಬಿಡುತ್ತ ಕಾಲೇಜಿನ ಗೇಟು ಮುಟ್ಟಿದಳು. ಹೊರಗೆ ಬಿಡದಿದ್ದರೇನು, ಒಳಗೆ ಹೋಗಿ ಭೇಟಿಯಾಗಬಹುದಲ್ಲ. ಕಾವಲು ಕಚೇರಿಯ ಮುಂದಿನ ಬೆಂಚಿನಲ್ಲಿ ಆಗಲೇ ಒಬ್ಬಳು ಕೂತಿದ್ದಳು. ಬೆನ್ನು ಬಾಗಿದ, ಬೆಳ್ಳಿಕೂದಲಿನ, ಹಿಡಿಯಷ್ಟು ಮೈಯ ಮುದುಕಿ. ತೊಡೆಯ ಮೇಲೆ ಬಟ್ಟೆ ಸುತ್ತಿದ ಗಂಟು. ಫೋಟೊದಲ್ಲಿ ಎಷ್ಟೋ ಸಲ ಕಣ್ಣು ಕಿಸಿದು ನೋಡಿದ್ದ ಮುಖ. ಇವಳ ವಿರುದ್ಧವೇ ತಾನು ಇಷ್ಟು ದಿನ ಕತ್ತಿ ಮಸೆದದ್ದು?

“ರಕ್ಷಾ-ಸಾನ್ ಅವರ ತಾಯಿಯಲ್ಲವೇ?” ಎಂದು ಮುದುಕಿ ಎದ್ದು ಬಾಗಿದಳು. ಸತ್ಯಭಾಮಾಳೂ ಬಾಗಿದಳು. ಮಾಡುವುದಿನ್ನೇನು?

ಕಾವಲಿನವನು ಇಬ್ಬರನ್ನೂ ನೋಡಿ, “ಭೇಟಿಗೆ ಮನೆಯವರಿಗೆ ಮಾತ್ರ ಅವಕಾಶ,” ಎಂದ. ಇಸೊಬೆ-ಸಾನ್ ಕೂಡಲೇ ಹಿಂದೆ ಸರಿದಳು. “ಹೌದು ಹೌದು. ನಾನು ಕೋಣೆ ಬಾಡಿಗೆಗೆ ಕೊಟ್ಟವಳು, ಅಷ್ಟೇ. ಇದನ್ನು ತಲುಪಿಸಿಬಿಡಿ,” ಎಂದು ಗಂಟನ್ನು ಸತ್ಯಭಾಮಾಳ ಕಡೆ ಚಾಚಿದಳು.

ಆ ಒಂದು ಗಳಿಗೆ ಸತ್ಯಭಾಮಾಳಿಗೆ ಆದ ಸಂತೋಷವನ್ನು ಮುಚ್ಚಿಡುವುದು ಸುಳ್ಳಾದೀತು. ಸರ್ಕಾರದವನ ಬಾಯಿಂದಲೇ ತೀರ್ಮಾನ ಬಂದಿತ್ತು. ತಾನು ಒಳಗೆ, ಅವಳು ಹೊರಗೆ. ಆ ಸುಖವನ್ನು ಅವಳು ಸಾವಕಾಶವಾಗಿ ಅನುಭವಿಸಿದಳು. ಆಮೇಲೆ ಒಳಗಿನ ಕೋಣೆಯ ಚಿತ್ರ ಕಣ್ಣ ಮುಂದೆ ಬಂತು. ಮಗಳು ಬಂದು, ತಲೆ ಬಾಗಿಸಿ, ಇಷ್ಟು ದೂರ ಬಂದೆಯಲ್ಲ ಥ್ಯಾಂಕ್ಸ್ ಎನ್ನುತ್ತಾಳೆ. ಆ ಮರ್ಯಾದೆಯ ಎದುರು ಒಬ್ಬಳೇ ಕೂರುವ ಧೈರ್ಯ ಅವಳಿಗಿರಲಿಲ್ಲ.

“ಇವರೂ ಮನೆಯವರೇ. ನಮ್ಮಕ್ಕ,” ಎಂದಳು ಕಾವಲಿನವನಿಗೆ.

ಕಾವಲಿನವನು ಆ ಬಿಳಿಚು ಮುದುಕಿಯ ಮುಖವನ್ನೂ, ಕುಂಕುಮವಿಟ್ಟ ಈ ಮುಖವನ್ನೂ ನೋಡಿದ. ಇಬ್ಬರಿಗೂ ಬ್ಯಾಡ್ಜು ಕೊಟ್ಟ.

ಭೇಟಿಯ ಕೋಣೆಗೆ ಬಂದ ಶ್ರೀರಕ್ಷಾ ಇಬ್ಬರನ್ನೂ ಒಟ್ಟಿಗೆ ಕಂಡು ಬಾಗಿಲಲ್ಲೇ ನಿಂತಳು. ಮೊದಲು ಇಸೊಬೆ-ಸಾನ್ ಕಡೆ ತಿರುಗಿ ಸೊಂಟ ಬಗ್ಗಿಸಿ, ಅವತ್ತು ತೊಂದರೆ ಕೊಟ್ಟೆ, ದಯವಿಟ್ಟು ಕ್ಷಮಿಸಿ ಎಂದು ಅಚ್ಚುಕಟ್ಟಾಗಿ ಹೇಳಿದಳು. ಮುಖದಲ್ಲಿ ನಗುವಿತ್ತು. ಸತ್ಯಭಾಮಾಳ ಹೊಟ್ಟೆಯಲ್ಲಿ ಮತ್ತೆ ಕಿಚ್ಚು ಎದ್ದಿತು. ಬಂದದ್ದೇ ತಪ್ಪಾಯಿತು ಎಂದುಕೊಂಡಳು. ಆಮೇಲೆ ಮಗಳು ಇತ್ತ ತಿರುಗಿದಳು. ನಗು ಮಾಯವಾಯಿತು.

“ಬೇಕಂತಲೇ ಮಾಡ್ದೆ ಅಲ್ವಾ?”

ಸತ್ಯಭಾಮಾ ಬಾಯಿ ತೆರೆದಳು.

“ಸುಳ್ ಹೇಳ್ಬೇಡ! ಗಂಜಿ ಅಂತೆ, ಗಂಜಿ! ಮಳೆ ಬರೋ ಹಾಗಿತ್ತು, ನಿಂಗೊತ್ತಿತ್ತು. ನನ್ ಯೂನಿಫಾರ್ಮ್ ಅಂದ್ರೆ ನಿಂಗೆ ಆಟನಾ? ಇಲ್ಲಿ ಎಲ್ಲರ ಮುಂದೆ ನಿಂತ್ಕೊಂಡು ನಂದೇ ತಪ್ಪು ನಂದೇ ತಪ್ಪು ಅಂತ ಹೇಳಿದೀನಿ. ನಮ್ಮಮ್ಮ ಮಾಡಿದ್ದು ಅಂತ ಹೇಳೋಕಾಗುತ್ತಾ? ಯಾವಾಗ್ಲೂ ಹಿಂಗೇ ನೀನು. ಚಿಕ್ಕೋಳಿದ್ದಾಗ್ಲೂ ಹಿಂಗೇ, ಸ್ವಿಮ್ಮಿಂಗ್ ಕೋಚ್ ಮನೆಗೆ ಕರೆದ್ರೆ ಜ್ವರ ಅಂತ ಹೇಳಿ ಕಳಿಸ್ಲಿಲ್ಲ. ಜ್ವರ ಇರ್ಲೇ ಇಲ್ಲ ನಂಗೆ!”

ಕನ್ನಡದಲ್ಲಿ ನಾಲ್ಕು ಮಾತಾಡಬೇಕಾದರೆ ಎರಡು ಇಂಗ್ಲಿಷು, ಒಂದು ಜಪಾನಿ ಹುಡುಕುತ್ತಿದ್ದ ಹುಡುಗಿಗೆ ಕನ್ನಡ ನೆರೆಯಂತೆ ನುಗ್ಗಿ ಬರುತ್ತಿತ್ತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಸತ್ಯಭಾಮಾ ಕರವಸ್ತ್ರ ಚಾಚಿದಳು. ಮಗಳು ಅದನ್ನು ಕಿತ್ತುಕೊಂಡು ಮೂಗು ಒರೆಸಿ, “ನಾನು ಮನೆಗೆ ಬರೋದೇ ಬೇಡ್ವಾ ಹಂಗಾದ್ರೆ? ಹೇಳು!” ಎಂದು ಮೇಜು ಗುದ್ದಿದಳು. ಮೂಲೆಯಲ್ಲಿದ್ದ ಬೇರೆ ತಂದೆ ತಾಯಿಗಳು ನೋಡಿ ನೋಡದಂತೆ ಮುಖ ತಿರುಗಿಸಿದರು. ತಾನು ಎಲ್ಲಿದ್ದೇನೆ ಎಂದು ನೆನಪಾಗಿ ಶ್ರೀರಕ್ಷಾ ಧಡಕ್ಕನೆ ಎದ್ದು ಮುಖ ತೊಳೆಯಲು ಹೋದಳು.

ಇಸೊಬೆ-ಸಾನ್ ಕೈಗಳನ್ನು ತೊಡೆಯ ಮೇಲೆ ಜೋಡಿಸಿ ನೆಟ್ಟಗೆ ಕೂತಿದ್ದಳು.

“ಏನು ಹೇಳಿದಳು?” ಎಂದು ಮೆಲ್ಲಗೆ ಕೇಳಿದಳು.

“ಬೈದಳು.”

“ಅಷ್ಟು ಹೊತ್ತೂ?”

“ಅಷ್ಟು ಹೊತ್ತೂ.”

ಮುದುಕಿ ಶ್ರೀರಕ್ಷಾ ಹೋದ ಬಾಗಿಲ ಕಡೆ ನೋಡಿದಳು. “ನನ್ನನ್ನು ಅವಳು ಒಂದು ಸಲವೂ ಬೈದಿಲ್ಲ,” ಎಂದಳು. “ಎಷ್ಟು ಹುಡುಗಿಯರು ಬಂದು ಹೋದರು. ಎಲ್ಲರೂ ತುಂಬ ಒಳ್ಳೆಯವರು. ಯಾರೂ ಬೈದಿಲ್ಲ.”

ಆ ದನಿಯಲ್ಲಿದ್ದದ್ದು ಏನೆಂದು ಸತ್ಯಭಾಮಾಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಸಂಕಟ.

ಶ್ರೀರಕ್ಷಾ ಕೆಂಪು ಕಣ್ಣುಗಳಲ್ಲಿ ವಾಪಸು ಬಂದು ಎದುರಿಗೆ ಕೂತಳು. “ಇನ್ನೂ ಮುಗಿದಿಲ್ಲ ನಂದು,” ಎಂದಳು.

“ಬೈಯಿ,” ಎಂದು ಸತ್ಯಭಾಮಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.